ಎದುರಿಗೆ ನಿಂತು ಕೇಳುವವರು

ಸಿನಿಮಾ ನೋಡಿ ಮನೆಗೆ ಬಂದವರನ್ನು "ಹೇಗಿತ್ತು?" ಎಂದು ಕೇಳಿ ನೋಡಿ. ಉತ್ತರ ಬಹುಮಟ್ಟಿಗೆ ನಾಯಕನ ಹೆಸರಿನಿಂದಲೇ ಮೊದಲಾಗುತ್ತದೆ. ಆತ ಗುಡುಗಿದ ಪರಿ, ಅತ್ತ ಪರಿ, ಹತ್ತು ಜನರನ್ನು ಒಬ್ಬನೇ ಕೆಡವಿದ ಪರಿ, ಇವುಗಳ ವರ್ಣನೆ ಮುಗಿಯುವ ಹೊತ್ತಿಗೆ ಕೇಳಿದವರ ಕೈಯಲ್ಲಿರುವ ಕಾಫಿ ಆರಿ ತಣ್ಣಗಾಗಿರುತ್ತದೆ. ಚಿತ್ರ ಇಪ್ಪತ್ತೈದು ವಾರ ಓಡಿತೆಂದರೆ ಹೂವಿನ ಹಾರ ಆತನ ಭಾವಚಿತ್ರಕ್ಕೆ. ಎರಡನೆಯ ವಾರಕ್ಕೇ ಡಬ್ಬ ಸೇರಿತೆಂದರೆ ತಪ್ಪು ಕಥೆಯದು, ಇಲ್ಲವೇ ಹಣ ಹಾಕಿದವನ ಜಾತಕದ್ದು. ಅಭಿನಯವು ಚಿತ್ರವನ್ನು ಗೆಲ್ಲಿಸುತ್ತದೆ ಎಂಬುದರಲ್ಲಿ ನಮಗಾರಿಗೂ ಸಂದೇಹವಿಲ್ಲ. ಯಾರ ಅಭಿನಯ, ಯಾವ ಬಗೆಯ ಅಭಿನಯ ಎಂದು ವಿಚಾರಿಸುವ ಗೋಜಿಗೆ ಮಾತ್ರ ನಾವು ಹೋಗುವುದಿಲ್ಲ.

ನಾಯಕನ ಕೊರಳಿನ ಹಾರವನ್ನು ಕಿತ್ತುಕೊಳ್ಳುವ ಉದ್ದೇಶ ನನಗಿಲ್ಲ. ಅದು ಆತನಿಗೆ ಸಲ್ಲಬೇಕಾದದ್ದೇ. ನಾನು ಹೇಳಬೇಕೆಂದಿರುವುದು ಇಷ್ಟೆ: ಮಾತನಾಡುವವನ ಎದುರಿಗೆ ನಿಂತು ಕೇಳುವ ನಟನೊಬ್ಬನಿರುತ್ತಾನಲ್ಲ, ದೊಡ್ಡ ಚಿತ್ರಗಳು ನಿಲ್ಲುವುದೂ ಬೀಳುವುದೂ ಅನೇಕ ವೇಳೆ ಅವನಿಂದ. ನಮ್ಮ ಕಣ್ಣು ಅವನ ಮೇಲೆ ಇರುವುದಿಲ್ಲ. ಆದರೆ ನಮ್ಮ ನಂಬಿಕೆ ಹುಟ್ಟುವುದು ಅವನ ಮುಖದಲ್ಲಿ.

ಈ ಪಾಠವನ್ನು ನನಗೆ ಹೇಳಿಕೊಟ್ಟದ್ದು ಸಿನಿಮಾ ಅಲ್ಲ, ನಾಟಕ. ನಮ್ಮ ಚಿಕ್ಕಪ್ಪನವರು ಹಗಲು ಕಚೇರಿಯೊಂದರಲ್ಲಿ ಗುಮಾಸ್ತರು, ಸಂಜೆ ಹವ್ಯಾಸಿ ನಾಟಕ ಸಂಘವೊಂದರಲ್ಲಿ ನಟರು. ತೆರೆಯ ಮರೆಯಲ್ಲಿ ಪುಸ್ತಕ ಹಿಡಿದು ನಿಂತು, ಮರೆತವರಿಗೆ ಮಾತು ಎತ್ತಿಕೊಡುವ ಕೆಲಸ ಹುಡುಗನಾಗಿದ್ದ ನನ್ನ ಪಾಲಿಗೆ ಬಂದಿತ್ತು. ಆ ವರ್ಷ ಆಡಿದ್ದು ರಾಜಮಹಾರಾಜರ ಕಥೆಯ ನಾಟಕ. ಮಗನೇ ವೈರಿಗಳೊಡನೆ ಸೇರಿದ್ದಾನೆಂದು ತಿಳಿದ ಅರಸ ಐದಾರು ನಿಮಿಷ ಗೋಳಾಡಿ, ಗರ್ಜಿಸಿ, ಕೊನೆಗೆ ಮಗನಿಗೆ ಮರಣದಂಡನೆ ವಿಧಿಸುತ್ತಾನೆ. ಎದುರಿಗೆ ವೃದ್ಧ ಮಂತ್ರಿ. ಅವನಿಗೆ ಇರುವುದು ಒಂದೇ ಮಾತು: "ಅಪ್ಪಣೆ, ಪ್ರಭು." ಆ ಮಂತ್ರಿಯೇ ನಮ್ಮ ಚಿಕ್ಕಪ್ಪ.

ಮೊದಲ ದಿನ ಆ ದೃಶ್ಯಕ್ಕೆ ಸಭೆ ಉಸಿರು ಬಿಗಿಹಿಡಿದು ಕುಳಿತಿತು. ಎರಡನೆಯ ದಿನ ಚಿಕ್ಕಪ್ಪನವರಿಗೆ ಜ್ವರ. ಒಂದೇ ಮಾತಿನ ಪಾತ್ರಕ್ಕೆ ಯಾರಾದರೇನು ಎಂದು ಸಂಘದವರು ಬೇರೊಬ್ಬ ಸದಸ್ಯರಿಗೆ ಗಡ್ಡ ಅಂಟಿಸಿ ನಿಲ್ಲಿಸಿದರು. ಅರಸ ಅದೇ ಅರಸ, ಮಾತು ಅದೇ ಮಾತು, ಒಂದಕ್ಷರವೂ ತಪ್ಪಲಿಲ್ಲ; ಪುಸ್ತಕ ಹಿಡಿದಿದ್ದ ನಾನೇ ಸಾಕ್ಷಿ. ಆದರೆ ಹೊಸ ಮಂತ್ರಿ ಒಮ್ಮೆ ಪೇಟ ಸರಿಪಡಿಸಿಕೊಂಡರು, ಒಮ್ಮೆ ಮುಂದಿನ ಸಾಲಿನಲ್ಲಿದ್ದ ತಮ್ಮ ಮನೆಯವರ ಕಡೆ ನೋಡಿದರು. ಸಭೆಯಲ್ಲಿ ಎಲ್ಲಿಯೋ ಒಂದು ಕೆಮ್ಮು ಕೇಳಿಸಿತು. ಮತ್ತೊಂದು ಕೆಮ್ಮು ಅದಕ್ಕೆ ಉತ್ತರ ಕೊಟ್ಟಿತು. ಮಕ್ಕಳು ನೀರು ಕೇಳಿದವು. ಅರಸ ದನಿಯೇರಿಸಿದಷ್ಟೂ ಗದ್ದಲ ಹೆಚ್ಚಿತು. ಮೂರನೆಯ ದಿನ ಚಿಕ್ಕಪ್ಪ ಕಂಬಳಿ ಹೊದ್ದುಕೊಂಡೇ ಬಂದು ಬಣ್ಣ ಹಚ್ಚಿಕೊಂಡರು. ಮತ್ತೆ ಅದೇ ಮೌನ, ಅದೇ ಬಿಗಿದ ಉಸಿರು.

ಅಂದು ರಾತ್ರಿ ಮನೆಗೆ ನಡೆದು ಬರುವಾಗ ಇದರ ಗುಟ್ಟೇನೆಂದು ಕೇಳಿದೆ. ಚಿಕ್ಕಪ್ಪ ನಕ್ಕು, "ರಾಜನಿಗೆ ದುಃಖ ಆಗಿದೆ ಅಂತ ರಾಜನೇ ಹೇಳಿಕೊಂಡರೆ ಯಾರು ನಂಬ್ತಾರೋ ಮಗು? ಪಕ್ಕದಲ್ಲಿ ನಿಂತೋನು ನಂಬಬೇಕು. ಅವನು ನಂಬಿದರೆ ಜನ ನಂಬ್ತಾರೆ" ಎಂದರು. ಹಾರ ಬಿದ್ದದ್ದು ಅರಸನಿಗೆ. ಆ ಸಂಘದ ವಾರ್ಷಿಕ ವರದಿಗಳು ನಮ್ಮ ಮನೆಯ ಪೆಟ್ಟಿಗೆಯಲ್ಲಿ ಇಂದಿಗೂ ಇವೆ. ಚಿಕ್ಕಪ್ಪ ಅಲ್ಲಿ ಅಭಿನಯಿಸಿದ ಇಪ್ಪತ್ತು ವರ್ಷಗಳಲ್ಲಿ ಅವರ ಹೆಸರು ಒಮ್ಮೆಯೂ ಬಿಡಿಯಾಗಿ ಅಚ್ಚಾಗಿಲ್ಲ. 'ಮತ್ತಿತರರು' ಎಂಬ ಒಂದು ಪದದೊಳಗೆ ಅವರ ಇಡೀ ಕಲಾಜೀವನ ಅಡಗಿದೆ.

ಚಿಕ್ಕಪ್ಪನ ಈ ಸೂತ್ರವನ್ನು ನಮ್ಮ ದೊಡ್ಡ ಚಿತ್ರಗಳಿಗೆ ಹಿಡಿದು ನೋಡುವುದು ಆಮೇಲೆ ನನಗೊಂದು ಚಾಳಿಯೇ ಆಯಿತು. ಅದಕ್ಕೆ ೧೯೭೨ರಲ್ಲಿ ಬಂದ 'ನಾಗರಹಾವು' ಚಿತ್ರಕ್ಕಿಂತ ಒಳ್ಳೆಯ ಉದಾಹರಣೆ ನನಗೆ ದೊರೆತಿಲ್ಲ. ತ. ರಾ. ಸುಬ್ಬರಾಯರ 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಎಂಬ ಮೂರು ಕಾದಂಬರಿಗಳನ್ನು ಒಂದಾಗಿ ಹೆಣೆದು ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ ಚಿತ್ರ ಅದು. ಅದಕ್ಕೆ ಮುನ್ನ 'ವಂಶವೃಕ್ಷ'ದಲ್ಲಿ ಚಿಕ್ಕದೊಂದು ಪಾತ್ರ ಮಾಡಿದ್ದ ಸಂಪತ್ ಕುಮಾರ್ ಎಂಬ ತರುಣರು ಇಲ್ಲಿ ವಿಷ್ಣುವರ್ಧನ್ ಎಂಬ ಹೊಸ ಹೆಸರಿನಿಂದ ನಾಯಕರಾದರು.

ಆ ನಾಯಕನಾದರೂ ಎಂಥವನು! ರಾಮಾಚಾರಿ ಸುಲಭವಾಗಿ ಮೆಚ್ಚಬಹುದಾದ ಹುಡುಗನಲ್ಲ. ಮುಂಗೋಪಿ, ಹಠಮಾರಿ, ಕೆಣಕಿದರೆ ಹೆಡೆಯೆತ್ತುವವನು. ತನ್ನನ್ನು ಅವಮಾನಿಸಿದ ಪ್ರಿನ್ಸಿಪಾಲರನ್ನು ಕಂಬಕ್ಕೆ ಕಟ್ಟಿಹಾಕಿ ಸೇಡು ತೀರಿಸಿಕೊಳ್ಳುವವನು. ಇಂತಹ ಹುಡುಗ ನಮ್ಮ ಬೀದಿಯಲ್ಲಿದ್ದರೆ ಮಕ್ಕಳಿಗೆ ಅವನ ಸಹವಾಸ ಬೇಡವೆಂದು ಹೇಳುತ್ತಿದ್ದೆವು. ಹಾಗಿದ್ದೂ ಊರಿಗೆ ಊರೇ ಅವನಿಗಾಗಿ ಕಣ್ಣೀರು ಹಾಕಿತು. ಏಕೆ? ವಿಷ್ಣುವರ್ಧನರ ಕಣ್ಣಿನ ಕಿಡಿ, ಆ ಬಿಗಿದ ನಡಿಗೆ, ಆ ತಾರುಣ್ಯ ಕಾರಣವಲ್ಲವೇ? ನಿಜ. ಆದರೆ ಅಷ್ಟೇ ಆಗಿದ್ದರೆ ನಮಗೆ ಅವನನ್ನು ಕಂಡು ಭಯವೋ ಬೆರಗೋ ಆಗುತ್ತಿತ್ತು, ಪ್ರೀತಿ ಹುಟ್ಟುತ್ತಿರಲಿಲ್ಲ. ಪ್ರೀತಿ ಹುಟ್ಟಿದ್ದು ಚಾಮಯ್ಯ ಮೇಷ್ಟರು ಅವನನ್ನು ಪ್ರೀತಿಸಿದ್ದರಿಂದ. ಊರೆಲ್ಲ ಪುಂಡನೆಂದ ಹುಡುಗನಲ್ಲಿ ಆ ಮೇಷ್ಟರು ಇನ್ನೇನನ್ನೋ ಕಾಣುತ್ತಾರೆ. ಕೆ. ಎಸ್. ಅಶ್ವತ್ಥ್ ಅವರ ಮುಖದಲ್ಲಿ ಹೆಮ್ಮೆ, ಕಳವಳ, ವಾತ್ಸಲ್ಯಗಳು ಒಂದರ ಹಿಂದೊಂದು ಹಾಯುವುದನ್ನು ನೋಡುತ್ತ ನಾವೂ ಅದನ್ನೇ ಕಾಣತೊಡಗುತ್ತೇವೆ. ರಾಮಾಚಾರಿಯನ್ನು ನಾವು ನೋಡುವುದು ನಮ್ಮ ಕಣ್ಣಿನಿಂದಲ್ಲ, ಮೇಷ್ಟರ ಕಣ್ಣಿನಿಂದ.

ಇಲ್ಲಿಗೆ ಮುಗಿದಿದ್ದರೆ ಇದು ಒಳ್ಳೆಯ ಗುರು, ಒರಟು ಶಿಷ್ಯರ ಸರಳ ಕಥೆಯಾಗುತ್ತಿತ್ತು. ಆದರೆ ಈ ಕಥೆಯಲ್ಲಿ ಅನಾಹುತಕ್ಕೆ ಕಾರಣರಾಗುವವರೂ ಅದೇ ಮೇಷ್ಟರು. ಅಲಮೇಲು ಮತ್ತು ರಾಮಾಚಾರಿಯ ಪ್ರೇಮಕ್ಕೆ ಕುಲಾಚಾರ ಅಡ್ಡಬಂದಾಗ, ಅವಳನ್ನು ಮರೆತುಬಿಡೆಂದು ಶಿಷ್ಯನನ್ನು ಒಪ್ಪಿಸುವವರು ಅವರು. ಗುರುವಿನ ಮಾತಿಗಾಗಿ ರಾಮಾಚಾರಿ ತ್ಯಾಗ ಮಾಡುತ್ತಾನೆ. ಆ ತ್ಯಾಗದ ಬೆಲೆಯನ್ನು ಅಲಮೇಲು ತನ್ನ ಇಡೀ ಬಾಳಿನಿಂದ ತೆರುತ್ತಾಳೆ. ಮುಂದೆ ಮಾರ್ಗರೆಟ್‌ಳ ವಿಷಯದಲ್ಲಿ ಮೇಷ್ಟರು ಎರಡನೆಯ ಬಾರಿ ಅಡ್ಡ ಬರುತ್ತಾರೆ. ಈ ಸಲ ಶಿಷ್ಯ ಒಪ್ಪುವುದಿಲ್ಲ. ದುರ್ಗದ ಬೆಟ್ಟದ ಮೇಲೆ ಗುರುವಿನ ಸಾವು ಶಿಷ್ಯನ ಕೈಯಿಂದಲೇ ಆಗುತ್ತದೆ; ಆ ಬಳಿಕ ಶಿಷ್ಯನೂ ಅವನ ಪ್ರೇಯಸಿಯೂ ಉಳಿಯುವುದಿಲ್ಲ.

೨೦೧೮ರಲ್ಲಿ ಈ ಚಿತ್ರ ಹೊಸ ತಂತ್ರಜ್ಞಾನದಲ್ಲಿ ಶುದ್ಧಗೊಂಡು ಮತ್ತೆ ಚಿತ್ರಮಂದಿರಗಳಿಗೆ ಬಂದಾಗ ಮಗಳನ್ನು ಕರೆದುಕೊಂಡು ಹೋಗಿದ್ದೆ. ಇಂದಿನ ಹುಡುಗಿ, ಜಾತಿಯ ಹೆಸರಿನಲ್ಲಿ ಪ್ರೀತಿಯನ್ನು ಮುರಿಯುವುದು ಅವಳ ಪಾಲಿಗೆ ಕ್ಷಮಿಸಬಹುದಾದ ತಪ್ಪಲ್ಲ. ಹೊರಗೆ ಬಂದವಳು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಅಪ್ಪಾ, ಆ ಮೇಷ್ಟ್ರು ಮಾಡಿದ್ದು ತಪ್ಪು ತಾನೇ? ಎರಡು ಸಲವೂ ತಪ್ಪು. ಮತ್ತೆ ಅವರು ಬಿದ್ದಾಗ ನನಗ್ಯಾಕೆ ಅಳು ಬಂತು?" ಎಂದು ಕೇಳಿದಳು.

ಇದೇ ಆ ಚಿತ್ರದ ಪ್ರಾಣವಿರುವ ಸ್ಥಳ. ಅಶ್ವತ್ಥರು ಮೇಷ್ಟರನ್ನು ಕಲ್ಲುಹೃದಯದ ಕರ್ಮಠನನ್ನಾಗಿ ಅಭಿನಯಿಸಿದ್ದರೆ ನಮಗೆ ದ್ವೇಷಿಸಲು ಒಬ್ಬ ಖಳ ಸಿಗುತ್ತಿದ್ದ, ಕಥೆ ಹಗುರವಾಗುತ್ತಿತ್ತು. ಕಣ್ಣೀರುಗರೆದು ಶಿಷ್ಯನನ್ನು ಕರಗಿಸುವ ದುರ್ಬಲನನ್ನಾಗಿ ಅಭಿನಯಿಸಿದ್ದರೆ, ಆ ಮಾತಿಗೆ ಮಣಿದ ರಾಮಾಚಾರಿ ಪೆದ್ದನಾಗುತ್ತಿದ್ದ. ಅವರು ಹಿಡಿದದ್ದು ಮೂರನೆಯ, ಅತಿ ಕಷ್ಟದ ದಾರಿ. ಹುಡುಗನ ಒಳಿತಿಗಾಗಿಯೇ ಹೇಳುತ್ತಿದ್ದೇನೆಂದು ಮನಸಾರೆ ನಂಬಿದ, ಹೇಳುವಾಗಲೇ ಒಳಗೊಳಗೆ ಬೇಯುವ ಒಬ್ಬ ಸಜ್ಜನ. ಒಳ್ಳೆಯವರೂ ನಮ್ಮ ಬಾಳನ್ನು ಕೆಡಿಸಬಲ್ಲರು, ಅದೂ ಪ್ರೀತಿಯಿಂದಲೇ ಕೆಡಿಸಬಲ್ಲರು ಎಂಬ ಕಹಿಸತ್ಯವನ್ನು ಪ್ರತಿಯೊಂದು ಮನೆಯೂ ಬಲ್ಲದು. ಚಿತ್ರಮಂದಿರದ ಕತ್ತಲೆಯಲ್ಲಿ ತಂದೆ ತಾಯಿಗಳು ಅಕ್ಕಪಕ್ಕದ ಕುರ್ಚಿಯಲ್ಲಿರುವ ಮಕ್ಕಳ ಕಡೆ ತಿರುಗಿ ನೋಡದೆ ಕುಳಿತದ್ದು ಸುಮ್ಮನೆ ಅಲ್ಲ.

ಇದು ಬರಿಯ ಕನ್ನಡದ ಅಭಿಮಾನದ ಮಾತೆಂದು ಕೆಲವರು ಹೇಳಬಹುದು. ಅದೃಷ್ಟವಶಾತ್, ನಮ್ಮ ನಾಟಕದ ಎರಡನೆಯ ದಿನದ ಪ್ರದರ್ಶನದಂತೆ ಇಲ್ಲಿಯೂ ಒಂದು ಹೋಲಿಕೆಗೆ ಅವಕಾಶವಿದೆ. ೧೯೭೪ರಲ್ಲಿ ಇದೇ ಕಥೆ ತಮಿಳಿನಲ್ಲಿ 'ರಾಜನಾಗಂ', ತೆಲುಗಿನಲ್ಲಿ 'ಕೋಡೆನಾಗು' ಎಂಬ ಹೆಸರಿನಿಂದ ಬೇರೆಯವರ ನಿರ್ದೇಶನದಲ್ಲಿ ಬಂತು. ಅದೇ ವರ್ಷ ಹಿಂದಿಯಲ್ಲಿ ಸ್ವತಃ ಪುಟ್ಟಣ್ಣನವರೇ 'ಜಹ್ರೀಲಾ ಇನ್ಸಾನ್' ಎಂದು ಅದನ್ನು ಮತ್ತೆ ನಿರ್ದೇಶಿಸಿದರು. ಕಥೆ ಅದೇ, ನಿರ್ದೇಶಕರು ಅವರೇ. ಕನ್ನಡದಲ್ಲಿ ಜಲೀಲನಾಗಿ ಮೊದಲ ಬಾರಿಗೆ ಬೆಳ್ಳಿತೆರೆಗೆ ಬಂದಿದ್ದ ಅಂಬರೀಷರು ಹಿಂದಿಯಲ್ಲಿಯೂ ಅದೇ ಪಾತ್ರ ವಹಿಸಿದರು. ಸಂಗೀತ ಆರ್. ಡಿ. ಬರ್ಮನ್ನರದು. ನಾಯಕ ರಿಷಿ ಕಪೂರ್. ಅದರ ಹಿಂದಿನ ವರ್ಷವೇ 'ಬಾಬಿ' ಚಿತ್ರದಿಂದ ದೇಶದ ಯುವಜನರ ಕಣ್ಮಣಿಯಾಗಿದ್ದವರು. ಗುರುವಾಗಿ ಪ್ರಾಣ್ ಅವರಂತಹ ನುರಿತ ನಟರು. ಹಾಡುಗಳು ಉಳಿದವು, ಆದರೆ ಕನ್ನಡದಲ್ಲಿ ಕಂಡ ಗೆಲುವು ಹಿಂದಿಯಲ್ಲಿ ಕಾಣಲಿಲ್ಲ.

ರಿಷಿ ಕಪೂರರಾಗಲಿ ಪ್ರಾಣ್ ಅವರಾಗಲಿ ಸಾಮಾನ್ಯ ನಟರೆಂದು ಯಾರೂ ಹೇಳಲಾರರು. ಒಂದು ಚಿತ್ರದ ಸೋಲಿಗೆ ಹತ್ತು ಕಾರಣಗಳಿರುತ್ತವೆಂಬುದೂ ಸತ್ಯ. ಆದರೂ ನನಗೆ ತೋರುವ ಕಾರಣವೊಂದುಂಟು. 'ಬಾಬಿ'ಯ ಸುಕುಮಾರ ಪ್ರೇಮಿಯನ್ನು ಪ್ರೇಕ್ಷಕರು ಆಗಲೇ ಪ್ರೀತಿಸಿದ್ದರು. ಅವನನ್ನು ಪ್ರೀತಿಸಲು ಅವರಿಗೆ ಮೇಷ್ಟರ ಕಣ್ಣು ಬೇಕಿರಲಿಲ್ಲ. ವಿಷ್ಣುವರ್ಧನರಾದರೋ ಹೊಸಬರು, ಅವರನ್ನು ನಮಗೆ ಪರಿಚಯ ಮಾಡಿಕೊಡುವ ಹೊಣೆ ಅಶ್ವತ್ಥರ ಮೇಲಿತ್ತು. ಹೊಸ ನಟನ ಕಾವೂ ಹಳೆಯ ನಟನ ತಾಳ್ಮೆಯೂ ಒಂದನ್ನೊಂದು ಆತುಕೊಂಡಿದ್ದವು. ಒಬ್ಬರನ್ನು ತೆಗೆದರೆ ಇನ್ನೊಬ್ಬರು ನಿಲ್ಲರು. ಹಿಂದಿಯಲ್ಲಿ ಇಬ್ಬರು ಒಳ್ಳೆಯ ನಟರಿದ್ದರು. ನಡುವಿನ ಆ ಗಂಟು ಮಾತ್ರ ಬೀಳಲಿಲ್ಲ.

ಪುಟ್ಟಣ್ಣನವರಿಗೆ ಈ ಗಂಟಿನ ಮರ್ಮ ಚೆನ್ನಾಗಿ ತಿಳಿದಿತ್ತು. ೧೯೭೧ರ 'ಶರಪಂಜರ'ವನ್ನೇ ನೆನೆಯಿರಿ. ತ್ರಿವೇಣಿಯವರ ಕಾದಂಬರಿ, ಹೆರಿಗೆಯ ನಂತರ ಮನಸ್ಸು ಕದಡಿ, ಆಸ್ಪತ್ರೆಯಲ್ಲಿ ಗುಣ ಹೊಂದಿ ಮನೆಗೆ ಮರಳುವ ಕಾವೇರಿಯ ಕಥೆ. ಕಲ್ಪನಾ ಅವರ ಅಭಿನಯವನ್ನು ಹೊಗಳದವರಿಲ್ಲ. ಆದರೆ ಕಾವೇರಿಯನ್ನು ಎರಡನೆಯ ಸಲ ಹುಚ್ಚಿಯನ್ನಾಗಿಸುವುದು ಯಾವುದು? ಮನೆಯವರ, ನೆರೆಯವರ ನೋಟ. ಅವಳು ನಕ್ಕರೆ ಬೆಚ್ಚುವ ಕಣ್ಣುಗಳು. ಅವಳು ಬಂದರೆ ಥಟ್ಟನೆ ನಿಲ್ಲುವ ಮಾತುಗಳು. ಪತಿಯ ಮುಖದಲ್ಲಿ ಕರಗದೆ ಉಳಿದ ಸಂಶಯ. ಸುತ್ತಲಿನ ಆ ಚಿಕ್ಕಪುಟ್ಟ ಪಾತ್ರಧಾರಿಗಳು ಹೆದರಿದಂತೆ ನಟಿಸದೆ ನಿಜವಾಗಿ ಹೆದರಿದ್ದರಿಂದಲೇ ಕಲ್ಪನಾ ಅವರ ಒಂಟಿತನ ನಮ್ಮ ಎದೆಗೆ ಮುಟ್ಟಿತು. ಚಿತ್ರ ನೋಡಿ ಬಂದ ಅನೇಕ ಮನೆಗಳಲ್ಲಿ, ಆಸ್ಪತ್ರೆಯಿಂದ ಬಂದ ಬಂಧುವೊಬ್ಬರನ್ನು ತಾವು ಹೇಗೆ ನೋಡಿದ್ದೆವೆಂಬ ಯೋಚನೆ ಹುಟ್ಟಿದ್ದರೆ, ಅದರ ಶ್ರೇಯಸ್ಸಿನಲ್ಲಿ ಆ ಹೆಸರಿಲ್ಲದ ಮುಖಗಳಿಗೂ ಪಾಲುಂಟು.

ಚಲಚ್ಚಿತ್ರದ ತಂತ್ರ ಬಲ್ಲವರು ಇಲ್ಲಿ ಒಂದು ಆಕ್ಷೇಪ ಎತ್ತುವರು. "ಕೇಳುವವನ ಮುಖವನ್ನು ಬೇರೆಯಾಗಿ ಚಿತ್ರಿಸಿ ಆಮೇಲೆ ಜೋಡಿಸುತ್ತಾರಪ್ಪ. ಅದು ನಟನ ಹೆಚ್ಚುಗಾರಿಕೆಯಲ್ಲ, ಸಂಕಲನಕಾರನ ಕತ್ತರಿಯದು" ಎನ್ನುವರು. ಅವರ ಬೆಂಬಲಕ್ಕೆ ರಷ್ಯದ ಲೆವ್ ಕುಲೆಶೋವ್ ಇದ್ದಾನೆ. ನೂರು ವರ್ಷಗಳಿಗೂ ಹಿಂದೆ ಆತ ನಟನೊಬ್ಬನ ನಿರ್ವಿಕಾರ ಮುಖದ ಒಂದೇ ಚಿತ್ರಿಕೆಯನ್ನು ಒಮ್ಮೆ ಸೂಪಿನ ಬಟ್ಟಲಿನೊಡನೆ, ಒಮ್ಮೆ ಶವಪೆಟ್ಟಿಗೆಯೊಡನೆ ಜೋಡಿಸಿ ತೋರಿಸಿದನಂತೆ. ನೋಡಿದವರು ಒಂದರಲ್ಲಿ ಹಸಿವನ್ನೂ ಇನ್ನೊಂದರಲ್ಲಿ ಶೋಕವನ್ನೂ ಕಂಡು ನಟನನ್ನು ಹೊಗಳಿದರಂತೆ. ಚಮತ್ಕಾರವೇನೋ ಸರಿ. ಆದರೆ ಕತ್ತರಿ ಒಂದು ನೋಟವನ್ನು ಸಾಲ ಕೊಡಬಲ್ಲುದು. ಇಡೀ ಚಿತ್ರದುದ್ದಕ್ಕೂ ಬೆಳೆಯುವ ವಾತ್ಸಲ್ಯವನ್ನು ಸಾಲ ಕೊಡಲಾರದು. ಮೊದಲ ದೃಶ್ಯದ ಮೇಷ್ಟರಿಗೂ ಬೆಟ್ಟದ ಮೇಲಿನ ಮೇಷ್ಟರಿಗೂ ನಡುವೆ ಸವೆದ ದಾರಿಯನ್ನು ನಟನೇ ನಡೆಯಬೇಕು.

ಹಾಗಾದರೆ ಮಹಾತಾರೆಯೊಬ್ಬರ ಹೆಸರಿನ ಬಲದಿಂದಲೇ ಗೆದ್ದ ಚಿತ್ರಗಳ ಗತಿಯೇನು? ಅದಕ್ಕೂ ೧೯೭೨ರ ಇನ್ನೊಂದು ಚಿತ್ರವೇ ಉತ್ತರ. ಟಿ. ಕೆ. ರಾಮರಾಯರ ಕಾದಂಬರಿಯನ್ನು ಸಿದ್ದಲಿಂಗಯ್ಯನವರು ತೆರೆಗೆ ತಂದ 'ಬಂಗಾರದ ಮನುಷ್ಯ' ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಅದು ರಾಜಕುಮಾರರ ಚಿತ್ರವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದರ ತುತ್ತತುದಿಯ ಗಳಿಗೆ ಯಾವುದು? ರಾಜೀವಪ್ಪ ಬೆವರು ಸುರಿಸಿ ಕಟ್ಟಿದ ಮನೆಯಲ್ಲಿಯೇ ಅಕ್ಕನ ಮಗನ ಬಾಯಿಂದ ಆಡಬಾರದ ಮಾತು ಬರುತ್ತದೆ. ಅಲ್ಲಿ ಮಾತು ವಜ್ರಮುನಿಯವರದು, ಕೇಳುವವರು ರಾಜಕುಮಾರರು. ಅವರು ಗರ್ಜಿಸಬಹುದಾಗಿತ್ತು, ಗುಬ್ಬಿ ಕಂಪನಿಯ ರಂಗಭೂಮಿಯಲ್ಲಿ ಪಳಗಿದ ಕಂಠ ಅದು, ಜನ ಚಪ್ಪಾಳೆ ತಟ್ಟುತ್ತಿದ್ದರು. ಅವರು ಆ ಮಾತನ್ನು ನುಂಗಿಕೊಂಡರು, ಯಾರನ್ನೂ ದೂರದೆ ಮನೆಬಿಟ್ಟು ಹೊರಟರು. ಕನ್ನಡನಾಡು ಎರಡು ವರ್ಷ ಮತ್ತೆ ಮತ್ತೆ ಹೋಗಿ ನೋಡಿದ್ದು ಆ ಮೌನವನ್ನು. ಮಹಾನಟನೂ ತನ್ನ ಅತಿ ದೊಡ್ಡ ಗಳಿಗೆಯಲ್ಲಿ ಕೇಳುವವನೇ ಆಗಿರುತ್ತಾನೆ.

ಇದೆಲ್ಲ ಹಳೆಯ ಕಾಲದ ಮಾತೆಂದು ತಳ್ಳಿಹಾಕುವಂತಿಲ್ಲ. ೨೦೨೨ರಲ್ಲಿ ದೇಶವೆಲ್ಲ ನೋಡಿದ 'ಕಾಂತಾರ'ವಿದೆ. ರಿಷಬ್ ಶೆಟ್ಟಿಯವರೇ ನಿರ್ದೇಶಕರು, ಅವರೇ ನಾಯಕರು. ಆ ಅಭಿನಯಕ್ಕೆ ೨೦೨೪ರಲ್ಲಿ ರಾಷ್ಟ್ರಪ್ರಶಸ್ತಿಯ ಘೋಷಣೆಯೂ ಆಯಿತು. ಮೈಮೇಲೆ ದೈವ ಬಂದ ಕೊನೆಯ ಭಾಗದ ಆ ಆವೇಶ ಇಲ್ಲದಿದ್ದರೆ ಚಿತ್ರ ಆ ಮಟ್ಟಕ್ಕೆ ಏರುತ್ತಿರಲಿಲ್ಲವೆಂಬುದು ನಿಜ. ಆದರೆ ಆವೇಶವೆಲ್ಲ ಇಳಿದ ಮೇಲಿನ ಗಳಿಗೆಯನ್ನು ಗಮನಿಸಿ. ದೈವ ಊರವರ ಕೈಗಳನ್ನೂ ಅರಣ್ಯಾಧಿಕಾರಿಯ ಕೈಯನ್ನೂ ಒಂದಾಗಿಸುತ್ತದೆ. ಮಾತಿಲ್ಲ. ಇಡೀ ಚಿತ್ರದಲ್ಲಿ ಕಾನೂನಿನ ಮಾತನ್ನೇ ಆಡುತ್ತ ಬಂದ ಅಧಿಕಾರಿಯಾಗಿ ಕಿಶೋರ್ ಅವರು ಆ ಸ್ಪರ್ಶವನ್ನು ಸ್ವೀಕರಿಸುತ್ತಾರೆ. ಆ ಮುಖದಲ್ಲಿ ಮೂಡುವ ನಂಬಿಕೆ ಸುಳ್ಳಾಗಿದ್ದರೆ ಆ ಕುಣಿತವೆಲ್ಲ ಬರಿಯ ಮೈಕಸರತ್ತಾಗಿ ಉಳಿಯುತ್ತಿತ್ತು. ದೈವವನ್ನು ನೋಡಿ ನಮ್ಮ ಮೈ ನವಿರೇಳುವುದು, ಅದನ್ನು ಎದುರಿಗೆ ನಿಂತು ಕಾಣುತ್ತಿರುವವರ ಮೈ ನವಿರೆದ್ದಿರುವುದರಿಂದ.

ಇಂದು ಚಿತ್ರಗಳಿಗೆ ನೂರಾರು ಕೋಟಿ ರೂಪಾಯಿ ಸುರಿಯುತ್ತಾರೆ. ಗಣಕಯಂತ್ರದಿಂದ ಕೋಟೆ ಕಟ್ಟುತ್ತಾರೆ, ಸೈನ್ಯ ಸೃಷ್ಟಿಸುತ್ತಾರೆ. ಮೂಲೆಮೂಲೆಗೂ ನಾಯಕನ ಭಿತ್ತಿಚಿತ್ರ ಅಂಟಿಸುತ್ತಾರೆ. ಉಳಿತಾಯ ಮಾಡಬೇಕೆಂದು ತೋರಿದಾಗ ಮಾತ್ರ ಮೊದಲು ಕೈ ಬೀಳುವುದು ಮೇಷ್ಟರ ಪಾತ್ರಕ್ಕೆ, ಅತ್ತೆಯ ಪಾತ್ರಕ್ಕೆ, ಒಂದೇ ಮಾತಿನ ಮಂತ್ರಿಯ ಪಾತ್ರಕ್ಕೆ. ಅಲ್ಲಿ ಯಾರಾದರೇನು ಎಂಬ ಲೆಕ್ಕ. ಆ ಲೆಕ್ಕ ಎಷ್ಟು ದುಬಾರಿಯೆಂಬುದು ಮೊದಲನೆಯ ಶುಕ್ರವಾರ ಸಂಜೆಯ ಹೊತ್ತಿಗೆ ಸಭಾಂಗಣದ ಕೆಮ್ಮಿನಿಂದಲೇ ತಿಳಿದುಹೋಗುತ್ತದೆ. ಈಗಿನ ಕಾಲದಲ್ಲಿ ಕೆಮ್ಮಿನ ಬದಲು ಸಾಲುಸಾಲಾಗಿ ಬೆಳಗುವ ಮೊಬೈಲುಗಳಿಂದ.

ವಿಷ್ಣುವರ್ಧನರು ೨೦೦೯ರ ಡಿಸೆಂಬರ್ ೩೦ರಂದು ತೀರಿಕೊಂಡರು. ಮೂರು ವಾರ ತುಂಬುವ ಮುನ್ನ, ೨೦೧೦ರ ಜನವರಿ ೧೮ರಂದು ಅಶ್ವತ್ಥರೂ ಹೋದರು. ಶಿಷ್ಯನ ಹಿಂದೆಯೇ ಮೇಷ್ಟರೂ ನಡೆದರೆಂದು ಜನ ಮಾತನಾಡಿಕೊಂಡರು. ಅದು ಕೇವಲ ಕಾಲದ ಆಕಸ್ಮಿಕ ಎನ್ನುವುದನ್ನು ಎಲ್ಲರೂ ಬಲ್ಲರು. ಆದರೂ ಹಾಗೆ ಆಡಿಕೊಳ್ಳಬೇಕೆಂದು ಜನಕ್ಕೆ ತೋಚಿತಲ್ಲ! ಮೂವತ್ತೇಳು ವರ್ಷಗಳ ಹಿಂದೆ ಒಬ್ಬರ ಎದುರಿಗೆ ಇನ್ನೊಬ್ಬರು ನಿಂತು ಹಾಕಿದ ಗಂಟು ಇನ್ನೂ ಬಿಚ್ಚಿರಲಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಮುಂದಿನ ಸಲ ಮನೆಮಂದಿಯೊಡನೆ ದೊಡ್ಡ ಚಿತ್ರವೊಂದನ್ನು ನೋಡಲು ಹೋದಾಗ ಒಂದು ಚಿಕ್ಕ ಪ್ರಯೋಗ ಮಾಡಿ. ನಾಯಕ ಗುಡುಗುತ್ತಿರುವಾಗ ಒಂದೇ ಒಂದು ನಿಮಿಷ ಅವನಿಂದ ಕಣ್ಣು ತೆಗೆದು, ಎದುರಿಗೆ ನಿಂತವರ ಮುಖ ನೋಡಿ. ಅಲ್ಲಿ ಗುಡುಗು ಕೇಳಿಸಿದರೆ ಚಿತ್ರ ಗೆದ್ದಿತೆಂದು ತಿಳಿಯಿರಿ. ಚಿತ್ರ ಮುಗಿದ ಕೂಡಲೇ ಎದ್ದು ಚಪ್ಪಲಿ ಹುಡುಕದೆ, ತೆರೆಯ ಮೇಲೆ ಸರಿಯುವ ಸಣ್ಣ ಅಕ್ಷರದ ಹೆಸರುಗಳಲ್ಲಿ ಆ ಮುಖದ ಹೆಸರು ಯಾವುದೆಂದು ಓದಿ ಬನ್ನಿ. 'ಮತ್ತಿತರರು' ಎಂಬ ಪದದಿಂದ ಒಬ್ಬರನ್ನಾದರೂ ಹೊರಗೆ ಕರೆದಂತಾಗುತ್ತದೆ.